5600ಜಿ, ಹಳೇ 580, ಹೊಸ 6600: ಐವತ್ತು ಸಾವಿರದೊಳಗೆ ಯಾವುದು?

ಮೊದಲ ಗೇಮಿಂಗ್ ಪಿಸಿ ಅಂತ ಮೂವತ್ತರಿಂದ ಐವತ್ತು ಸಾವಿರ ಹಿಡಿದು ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋದರೆ ಹೆಚ್ಚುಕಮ್ಮಿ ಮೂರೇ ಸಲಹೆ ಸಿಗುತ್ತವೆ. ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ, ಒಳಗೇ ಗ್ರಾಫಿಕ್ಸ್ ಇರುವ ಎಎಮ್‌ಡಿ ಪ್ರೊಸೆಸರ್ ರೈಜೆನ್ 5 5600ಜಿ ಹಾಕಿ ಅನ್ನುವವರಿದ್ದಾರೆ. ಇಂಟೆಲ್ ಪ್ರೊಸೆಸರ್ ಐ3-12100ಎಫ್ ತಗೊಂಡು ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 580 ಕಾರ್ಡ್ ಸಿಕ್ಕಿಸಿ ಅನ್ನುವವರಿದ್ದಾರೆ. ಅದೇ ಐ3ಗೆ ಹೊಸ ಆರ್‌ಎಕ್ಸ್ 6600 ಹಾಕಿ ಅನ್ನುವವರೂ ಇದ್ದಾರೆ. ಮೂರನ್ನೂ ಬಿಚ್ಚಿ ಜೋಡಿಸಿ, ಆಡಿ ನೋಡುವ ಅವಕಾಶ ನನಗೆ ಸಿಕ್ಕಿತು: 5600ಜಿ ನನ್ನದು, 6600 ಸೋದರಳಿಯನದು, 580 ನಮ್ಮ ಡೊಂಬಿವಲಿ ಬಿಲ್ಡಿಂಗಿನ ಹೋಟೆಲ್ ಶೆಟ್ಟರ ಮಗನದು. ಮಾನಿಟರ್ ಮಾತ್ರ ಒಂದೇ, ನಮ್ಮ ಮನೆಯ 1080ಪಿ.

2025ರ ಬೇಸಿಗೆಯ ರೇಟಿನಲ್ಲಿ, ಮಾನಿಟರ್ ಬಿಟ್ಟು, 5600ಜಿ ಪಿಸಿ ಮೂವತ್ತು ಸಾವಿರದ ಆಸುಪಾಸು, 580 ಹಾಕಿದ್ದು ಮೂವತ್ತೈದರ ಹತ್ತಿರ, 6600ರದ್ದು ಐವತ್ತಕ್ಕೆ ಸ್ವಲ್ಪ ಕಮ್ಮಿ. ಆ ವರ್ಷದ ಕೊನೆಗೆ ಮೆಮೊರಿ ಬೆಲೆ ಜಿಗಿಯಿತು. ಎಐ ಡೇಟಾ ಸೆಂಟರ್‌ಗಳಿಗೆ ಚಿಪ್ ಹೋಗುತ್ತಿರುವುದು ಕಾರಣ. ಹಾಗಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ರೇಟನ್ನು ಅವತ್ತಿನ ದಿನವೇ ವಿಚಾರಿಸಿಕೊಳ್ಳಿ.

5600ಜಿ ಬಡವರ ಪಾಲಿನ ಚಿಪ್ ಅಂತ ತಾತ್ಸಾರ ಮಾಡುವಂಥದ್ದಲ್ಲ. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್. ಆದರೆ ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಎಳೆದುಕೊಳ್ಳಬೇಕು. ಅಂಗಡಿಯವರು ಕೊಟೇಶನ್‌ನಲ್ಲಿ ಬರೆಯುವುದು ಒಂದೇ 16 ಜಿಬಿ ಸ್ಟಿಕ್; "ಆಮೇಲೆ ಇನ್ನೊಂದು ಹಾಕ್ಬಹುದಲ್ಲ" ಅಂತಾರೆ. ನಾನು ಎರಡೂ ಥರ ಹಾಕಿ ನೋಡಿದೆ. ಒಂದು ಸ್ಟಿಕ್ ಇದ್ದಾಗ ಜಿಟಿಎ 5 ಗೇಮ್ ನಾರ್ಮಲ್ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ನಲವತ್ತು ಫ್ರೇಮ್ ಸುತ್ತ ತೆವಳುತ್ತಿತ್ತು. ಎಂಟೆಂಟರ ಜೋಡಿ ಹಾಕಿ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ ರ‍್ಯಾಮ್ ವೇಗವನ್ನು 3200ಕ್ಕೆ ತಂದ ಮೇಲೆ ಅರವತ್ತರ ಹತ್ತಿರ ಬಂತು. ಚಾಳಿನ ಒಂದೇ ನಲ್ಲಿಗೆ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಬಿಂದಿಗೆ ಹಿಡಿದು ನಿಂತರೆ ಆಗುವುದೇ ಒಂದೇ ಸ್ಟಿಕ್ ಇದ್ದಾಗಲೂ ಆಗುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಜೋಡಿಯನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು.

ವ್ಯಾಲೊರಂಟ್, ಸಿಎಸ್ 2 ಥರದ ಹಗುರ ಗೇಮ್ ಆಡುವವರಿಗೆ ಇದು ಧಾರಾಳ ಸಾಕು. ಸೈಬರ್‌ಪಂಕ್ ಥರದ ಭಾರದ ಗೇಮಿಗೆ ಚಿತ್ರವನ್ನು 720ಪಿಗೆ ಇಳಿಸಿದರೂ ಕಣ್ಣಿಗೆ ಹಿತವಿಲ್ಲ. ಅದಕ್ಕಿಂತ ನನಗೆ ಸರಿಕಾಣದ್ದು "ಕಾರ್ಡ್ ಆಮೇಲೆ" ಎನ್ನುವ ವಾದ. 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) 16 ಎಂಬಿ ಮಾತ್ರ. ಜಿ ಇಲ್ಲದ 5600ರಲ್ಲಿ 32 ಇದೆ. ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡು ಪ್ರೊಸೆಸರ್ ಜೊತೆ ಮಾತಾಡುವ ದಾರಿ) ಕೂಡ 3.0ಕ್ಕೇ ನಿಲ್ಲುತ್ತದೆ. ಕಾರ್ಡ್ ಹಾಕಿದ ದಿನ ನೀವು ದುಡ್ಡು ಕೊಟ್ಟು ತಂದ ವೇಗಾ ಸುಮ್ಮನೆ ಮಲಗುತ್ತದೆ, ಪ್ರೊಸೆಸರ್ ಮಾತ್ರ ಕಟ್ ಮಾಡಿದ್ದೇ ಉಳಿಯುತ್ತದೆ. ಅಷ್ಟರ ಮೇಲೆ ಅಗ್ಗ ಅಂತ 6500 ಎಕ್ಸ್‌ಟಿ ತಂದರಂತೂ ಮುಗಿಯಿತು. ಆ ಕಾರ್ಡಿಗೆ ಇರುವುದೇ ನಾಲ್ಕು ಲೇನ್, 3.0ರಲ್ಲಿ ಇನ್ನೂ ಕುಂಟುತ್ತದೆ.

580ಗೆ ಬರುತ್ತೇನೆ. ಆರೇಳು ಸಾವಿರಕ್ಕೆ 8 ಜಿಬಿ ಕಾರ್ಡ್ ಅಂದರೆ ಯಾರಿಗೂ ಆಸೆ ಹುಟ್ಟುತ್ತದೆ. ಜಿಟಿಎ 5 ಹೈ ಸೆಟ್ಟಿಂಗ್‌ನಲ್ಲಿ ಸರಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೆಟ್ಟರ ಮಗನ ಕಾರ್ಡನ್ನು, ಅದರ ವಿವರ ತೋರಿಸುವ ಸಾಫ್ಟ್‌ವೇರ್ ಆದ ಜಿಪಿಯು-ಝಡ್‌ನಲ್ಲಿ ತೆರೆದು ನೋಡಿದರೆ ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) 2048 ಅಂತಿತ್ತು. ಪೂರ್ತಿ 580ಗೆ ಇರಬೇಕಾದ್ದು 2304. ಚೀನಾ ಮಾರುಕಟ್ಟೆಗೆಂದು ಬಂದ 2048ಎಸ್‌ಪಿ ಅದು, ಒಳಗೆ ಹೆಚ್ಚುಕಮ್ಮಿ ಒಂದು ಮೆಟ್ಟಿಲು ಕೆಳಗಿನ 570. ಹುಡುಗನಿಗೆ ಡಬ್ಬದ ಮೇಲಿನ ಹೆಸರಷ್ಟೇ ಗೊತ್ತಿತ್ತು. ಹೀಟ್‌ಸಿಂಕ್ ತೆಗೆದಾಗ ಥರ್ಮಲ್ ಪೇಸ್ಟ್ ಸುಣ್ಣದ ಪುಡಿಯಾಗಿ ಉದುರಿತು, ಒಂದು ಫ್ಯಾನು ಬೆರಳು ತಾಗಿದರೆ ಗಡಗಡ. ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದು ಬಂದ ಕಾರ್ಡಿರಬೇಕು. ಹೊಸ ಪೇಸ್ಟ್ ಹಾಕಿದ ಮೇಲೆ ಬಿಸಿ ಇಳಿಯಿತು, ಸದ್ದು ಇಳಿಯಲಿಲ್ಲ.

ಪೂರ್ತಿ 580 ಆದರೂ 2017ರ ಕಾರ್ಡ್, 185 ವ್ಯಾಟ್ ನುಂಗುತ್ತದೆ. ಏಸಿ ಇಲ್ಲದ ಒನ್ ಬಿಎಚ್‌ಕೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಆ ಬಿಸಿಗಾಳಿಯನ್ನು ಮನೆಯವರೆಲ್ಲ ಸಹಿಸಬೇಕು, ಮಾರಾಯ್ರೆ. 2023ರಲ್ಲೇ ಎಎಮ್‌ಡಿ ಈ ಪೀಳಿಗೆಯ ಡ್ರೈವರ್‌ಗಳನ್ನು ಬೇರೆ ದಾರಿಗೆ ಹಾಕಿ ಅಪ್‌ಡೇಟ್ ಕಮ್ಮಿ ಮಾಡಿತು (ನನ್ನ 5600ಜಿಯ ವೇಗಾ ಕೂಡ ಅದೇ ಗುಂಪು). 2024ರ ಇಂಡಿಯಾನಾ ಜೋನ್ಸ್ ಗೇಮ್ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವುದು) ಹಾರ್ಡ್‌ವೇರ್ ಕೇಳುತ್ತದೆ, 580ರಲ್ಲಿ ಅದಿಲ್ಲ.

6600ರ ವಿಷಯದಲ್ಲಿ ಹೇಳುವುದು ಕಮ್ಮಿ, ಏಕೆಂದರೆ ತಕರಾರೇ ಕಮ್ಮಿ. 132 ವ್ಯಾಟ್, 8 ಜಿಬಿ, ಒಂದೇ ಪವರ್ ಕೇಬಲ್. ಸೈಬರ್‌ಪಂಕ್ 1080ಪಿ ಮೀಡಿಯಂನಲ್ಲಿ ಅರವತ್ತು ಫ್ರೇಮ್ ಸಲೀಸು. ರೇ ಟ್ರೇಸಿಂಗ್ ಹೆಸರಿಗೆ ಇದೆ, ಅದರ ಆಸೆಗೆ ಇದನ್ನು ಕೊಳ್ಳಬೇಡಿ. ಜೋಡಿಸಿಕೊಟ್ಟು ಬಂದ ರಾತ್ರಿಯೇ ಸೋದರಳಿಯನ ಫೋನು: "ಮಾಮ, ಸ್ಕ್ರೀನೇ ಬರ್ತಾ ಇಲ್ಲ." ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದ್ದ. 12100ಎಫ್‌ನ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೋರ್ಡಿನಲ್ಲಿ ಎಚ್‌ಡಿಎಂಐ ತೂತು ಇರುತ್ತದೆ, ಚಿತ್ರ ಬರುವುದಿಲ್ಲ. ಕೇಬಲ್ ಕಾರ್ಡಿಗೇ ಹಾಕಬೇಕು.

ಐ3ಯ ನಾಲ್ಕು ಕೋರಿನ ಮಿತಿ ಮಾತ್ರ ನಿಜ. ಡಿಸ್ಕಾರ್ಡ್, ಕ್ರೋಮ್ ತೆರೆದಿಟ್ಟು ದೊಡ್ಡ ಗೇಮ್ ಆಡಿದರೆ ನಡುನಡುವೆ ತಡವರಿಸುತ್ತದೆ, ಸ್ಟ್ರೀಮಿಂಗ್ ಮಾಡುವವರಿಗೆ ಇನ್ನೂ ಗೊತ್ತಾಗುತ್ತದೆ. ಮುಂದೆ ಈ ಪಿಸಿಯ ಎಚ್610 ಬೋರ್ಡಿಗೇ ಐ5-12400ಎಫ್ ಕೂರಿಸಿದರೆ ಆರು ಕೋರ್ ಆಗುತ್ತದೆ.

ಹಾಗಾಗಿ ನನ್ನ ಕೈ 6600 ಕಡೆಗೇ. ಮೂವತ್ತರ ಮೇಲೆ ಒಂದು ರೂಪಾಯಿಯೂ ಇಲ್ಲ, ಆಡುವುದು ವ್ಯಾಲೊರಂಟ್ ಮಾತ್ರ ಅಂದರೆ ಜೋಡಿ ರ‍್ಯಾಮಿನ 5600ಜಿ. ಕಾರ್ಡನ್ನು ಎದುರಿಗೆ ಓಡಿಸಿ ತೋರಿಸದೆ 580 ಬೇಡ.

ಯಾವುದೇ ತಗೊಳ್ಳಿ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, ಕರೆಂಟ್ ಒದಗಿಸುವ ಹೆಸರಿಲ್ಲದ ಎಸ್‌ಎಂಪಿಎಸ್ ಬಿಟ್ಟು 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿರುವ 500-550 ವ್ಯಾಟಿನದು ಹಾಕಿಸಿ. ದುಡ್ಡು ಉಳಿಸಬೇಕಿದ್ದರೆ ಬಣ್ಣದ ದೀಪದ ಆರ್‌ಜಿಬಿ ಫ್ಯಾನಿನಲ್ಲಿ ಉಳಿಸಿ. ಬಿಲ್ ಬೇಡ ಅಂದರೆ ರೇಟ್ ಇಳಿಯುತ್ತದೆ, 18% ಜಿಎಸ್‌ಟಿ ತಪ್ಪುತ್ತದಲ್ಲ. ಆದರೆ ವಾರಂಟಿಗೆ ಹೋದಾಗ ಕೇಳುವುದು ಆ ಬಿಲ್ಲನ್ನೇ. ಕಾರ್ಡಿನ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಪ್ರೊಸೆಸರ್, ಕಾರ್ಡ್, ರ‍್ಯಾಮ್ ಎಲ್ಲ ಬ್ಯಾಗಿನಲ್ಲಿ ಬರುತ್ತವೆ. ಕ್ಯಾಬಿನೆಟ್ ಒಂದನ್ನು ಮನೆ ಹತ್ತಿರವೇ ತಗೊಳ್ಳಿ, ನೂರಿನ್ನೂರು ಜಾಸ್ತಿಯಾದರೂ ಸರಿ. ಗಾಜಿನ ಬಾಗಿಲಿನದ್ದನ್ನು ತಬ್ಬಿಕೊಂಡು ಗ್ರ್ಯಾಂಟ್ ರೋಡಿನಲ್ಲಿ ಲೋಕಲ್ ರೈಲು ಹತ್ತಿ, ಸಂಜೆ ಆರರ ಹೊತ್ತಿಗೆ ದಾದರ್‌ನಲ್ಲಿ ಗಾಡಿ ಬದಲಿಸುವ ಕೆಲಸ ಯಾರಿಗೂ ಬೇಡ.