ಒಮೆಗಾ 10049 ಅಥವಾ ಸೆಮೋಗ್ 1305: ಯಾವ ಶೇವಿಂಗ್ ಬ್ರಷ್ ತಗೊಳ್ಳಲಿ?

ಎರಡೂ ಹಂದಿ ಕೂದಲಿನ ಬ್ರಷ್‌ಗಳೇ. ಇಟಲಿಯ ಒಮೆಗಾ 10049 ದೊಡ್ಡದು, ಹಿಡಿಕೆಯೂ ಉದ್ದ. ಬಟ್ಟಲಲ್ಲಿ ಕ್ರೀಮ್ ಹಾಕಿ ನೊರೆ ಎಬ್ಬಿಸುವವರಿಗೆ ಇದೇ ಸರಿ. ಪೋರ್ಚುಗಲ್‌ನ ಸೆಮೋಗ್ 1305 ಚಿಕ್ಕದು, ಕೂದಲೂ ಗಿಡ್ಡ. ಸೋಪಿನ ನೊರೆಯನ್ನು ನೇರ ಕೆನ್ನೆ ಮೇಲೇ ಎಬ್ಬಿಸುವವರಿಗೆ ಇದರ ಬಿಗಿ ಹಿಡಿಸುತ್ತದೆ. ನನ್ನ ಆಯ್ಕೆಯೂ ಇದೇ. ಮೂಗಿನ ಕೆಳಗೂ ಸಲೀಸಾಗಿ ಓಡಾಡುತ್ತದೆ, ಅದು ನನಗೆ ಮುಖ್ಯ.

ಹೊಸದರಲ್ಲಿ ಎರಡೂ ಚುಚ್ಚುತ್ತವೆ, ವಾಸನೆಯೂ ಇರುತ್ತದೆ. ಸುಮ್ನೆ ಬೈದು ಬಿಸಾಡಬೇಡಿ. ಪ್ರತಿ ಸಲ ಎರಡು ಮೂರು ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಿ. ದಿನಾ ಬಳಸಿದರೆ ಕೆಲವು ವಾರಗಳಲ್ಲಿ ಕೂದಲ ತುದಿ ಸೀಳಿ ಮೆತ್ತಗಾಗುತ್ತದೆ, ಬುಡದ ಗಟ್ಟಿತನ ಮಾತ್ರ ಹಾಗೇ ಉಳಿಯುತ್ತದೆ. ದೊಡ್ಡ ಒಮೆಗಾ ಹದಕ್ಕೆ ಬರಲು ಸ್ವಲ್ಪ ಜಾಸ್ತಿ ತಾಳ್ಮೆ ಬೇಕು.