ಪೆನಾಂಗ್‌ನ ಬೀದಿ ಊಟ: ಗೈಡ್ ಜೊತೆಗೋ, ನಮ್ಮಷ್ಟಕ್ಕೆ ನಾವೋ?

ಮಲೇಷ್ಯಾದ ಪೆನಾಂಗ್‌ಗೆ ಹೊರಟವರು ನನ್ನನ್ನು ಕೇಳುವುದು ಒಂದೇ: ಅಲ್ಲಿನ ಮುಖ್ಯ ಊರು ಜಾರ್ಜ್‌ಟೌನ್‌ನಲ್ಲಿ ಗೈಡ್ ಜೊತೆ ನಡೆಯುತ್ತಾ ತಿನ್ನುವ ಫುಡ್ ವಾಕ್‌ಗೆ ದುಡ್ಡು ಕೊಡಬೇಕಾ, ಮ್ಯಾಪ್ ಹಿಡಿದು ಸುತ್ತಿದರೆ ಸಾಲದಾ? ಎರಡನ್ನೂ ಮಾಡಿ ನೋಡಿದ್ದೇನೆ. ಚೀನೀ ಅಂಗಡಿಗಳ ಬೀದಿಗೆ ಗೈಡ್ ಬೇಕೇ ಬೇಕು, ತಮಿಳರ ಅಂಗಡಿಗಳಿರುವ ಲಿಟಲ್ ಇಂಡಿಯಾಕ್ಕೆ ಬೇಡ.

ಗೈಡ್ ಜೊತೆಗಿನ ದೊಡ್ಡ ಲಾಭ ಹೊಟ್ಟೆಯ ಲೆಕ್ಕದ್ದು. ಇಲ್ಲಿ ಒಂದೊಂದು ಗಾಡಿಯವರು ಸಾಮಾನ್ಯವಾಗಿ ಒಂದೇ ತಿನಿಸಿನಲ್ಲಿ ಕೈ ಪಳಗಿಸಿಕೊಂಡಿರುತ್ತಾರೆ. ಒಬ್ಬರೇ ಹೋದರೆ ಎರಡು ತಟ್ಟೆಗೇ ಸಾಕೆನಿಸುತ್ತದೆ. ಗುಂಪಿನಲ್ಲಾದರೆ ಹಂಚಿಕೊಂಡು ಏಳೆಂಟು ಬಗೆ ರುಚಿ ನೋಡಬಹುದು. ಚುಲಿಯಾ ಸ್ಟ್ರೀಟ್‌ನಲ್ಲಿ ಸಂಜೆ ಚಾರ್ ಕ್ವೇ ಟಿಯೋ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಅಗಲದ ಅಕ್ಕಿ ನೂಡಲ್ಸ್, ಸೀಗಡಿ, ನಮ್ಮ ಕರಾವಳಿಯ ಮರುವಾಯಿಯಂಥ ಚಿಪ್ಪುಮೀನು, ಮೊಳಕೆ ಕಾಳು, ಮೊಟ್ಟೆ. ಉರಿ ಜೋರು, ಬಾಣಲೆಯಿಂದ ಹೊಗೆ ಏಳುತ್ತಲೇ ಇರುತ್ತದೆ. ಒಂದು ಸಲಕ್ಕೆ ಒಂದೆರಡು ತಟ್ಟೆಯಷ್ಟೇ ಹುರಿಯುವುದರಿಂದ ಕಾಯಲೇಬೇಕು, ಆ ಹೊಗೆಯ ರುಚಿ ಬರುವುದೂ ಹಾಗೆ ಹುರಿದರೇ. ಕಾಫಿ ಅಂಗಡಿಯೊಳಗೆ ಕೂತರೆ ಕುಡಿಯಲು ಏನಾದರೂ ಹೇಳಬೇಕು, ಏಕೆಂದರೆ ಮೇಜು ಅಂಗಡಿಯವರದು, ಊಟದ ಗಾಡಿಗಳು ಬೇರೆಯವರದು. ಇದನ್ನೆಲ್ಲ ಹೇಳಿಕೊಟ್ಟದ್ದು ಗೈಡ್.

ನಮ್ಮ ಮನೆಯವರು ಸಸ್ಯಾಹಾರಿ. ಅವರಿಗಂತೂ ಗೈಡ್ ಇಲ್ಲದೆ ಆಗುತ್ತಿರಲಿಲ್ಲ. ನೋಡಲು ಬರೀ ಹಣ್ಣು ತರಕಾರಿಯಂತಿರುವ ರೋಜಾಕ್‌ಗೂ ಸೀಗಡಿ ಪೇಸ್ಟ್ ಬೀಳುತ್ತದೆ, ನೂಡಲ್ಸ್‌ಗೆ ಹಂದಿ ಕೊಬ್ಬು ಹಾಕುವುದುಂಟು. ಗೈಡ್ ಪ್ರತಿ ಗಾಡಿಯಲ್ಲೂ ಇಲ್ಲಿನ ಚೀನಿಯರ ಹೊಕ್ಕಿಯನ್ ಭಾಷೆಯಲ್ಲಿ ವಿಚಾರಿಸಿ, ಕೊನೆಗೆ ಬೌದ್ಧರ ಸಸ್ಯಾಹಾರಿ ಅಂಗಡಿಗೆ ಕರೆದೊಯ್ದರು. ಅಂಥ ಕಡೆ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಲಿಟಲ್ ಇಂಡಿಯಾದ ಕಥೆಯೇ ಬೇರೆ. ಅರೆಬರೆ ತಮಿಳು ಬಂದರೂ ಸಾಕು, ಮಾತು ಸಾಗುತ್ತದೆ. ರೋಟಿ ಚನಾಯ್ ನಮ್ಮ ಪರೋಟದ ನೆಂಟ. ಪುಟು ಮಾಯಂ ಅಂದರೆ ಒತ್ತು ಶಾವಿಗೆಗೆ ಕಾಯಿತುರಿ, ಬೆಲ್ಲದಂಥ ಸಕ್ಕರೆ. ಅದನ್ನು ನಮಗೆ ಯಾರೂ ವಿವರಿಸಬೇಕಿಲ್ಲ. ತಮಿಳು ಮುಸ್ಲಿಮರ ನಾಸಿ ಕಂದಾರ್ ಹಿಂದೆ ಹೆಗಲ ಮೇಲಿನ ಅಡ್ಡೆಯಲ್ಲಿ ಅನ್ನ, ಸಾರು ಹೊತ್ತು ಮಾರುತ್ತಿದ್ದ ಊಟ. ಬೇಕಾದ ಪಲ್ಯ, ಮೀನು, ಕೋಳಿ ಬೆರಳು ತೋರಿಸಿ ಹಾಕಿಸಿಕೊಂಡು, ನಾಲ್ಕು ಬಗೆ ಸಾರು ಒಟ್ಟಿಗೆ ಸುರಿಸಿಕೊಳ್ಳಿ. ಇಲ್ಲಿ ಗೈಡ್ ಹಿಂದೆ ಓಡಿದರೆ ನಷ್ಟ ನಮಗೇ. 1833ರ ಮಹಾಮಾರಿಯಮ್ಮನ್ ಗುಡಿ, ಕಪಿತಾನ್ ಕೆಲಿಂಗ್ ಮಸೀದಿ, ಚೀನಿಯರ ಕ್ವಾನ್ ಇಮ್ ಗುಡಿ ಎಲ್ಲವೂ ಹೆಜ್ಜೆಯಳತೆಯಲ್ಲಿವೆ. ಇಷ್ಟು ಜನ, ಇಷ್ಟು ದೇವರು ಹೀಗೆ ಅಕ್ಕಪಕ್ಕ ಬಾಳಿದ್ದನ್ನು ನೋಡಲು ನಿಧಾನ ಬೇಕು. 2008ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಗರ್ನಿ ಡ್ರೈವ್‌ನ ದೊಡ್ಡ ಹಾಕರ್ ಸೆಂಟರ್, ಅಂದರೆ ಊಟದ ಗಾಡಿಗಳೆಲ್ಲ ಸೇರಿದ ಜಾಗ, ಮೂರನೇ ದಾರಿ. ಎಲ್ಲವೂ ಒಂದೇ ಕಡೆ ಸಿಗುತ್ತದೆ, ಮಕ್ಕಳಿದ್ದರೆ ಅನುಕೂಲ. ಆದರೆ ಓಣಿ ಸುತ್ತುವ ಖುಷಿ ಅಲ್ಲಿಲ್ಲ.

ವಾಕ್ ಬುಕ್ ಮಾಡುವುದಾದರೆ ಊರು ಮುಟ್ಟಿದ ಮೊದಲ ಸಂಜೆಗೇ ಮಾಡಿ, ಕಲಿತದ್ದು ಉಳಿದ ದಿನಗಳಿಗೆ ಬರುತ್ತದೆ. ಗುಂಪಿನಲ್ಲಿ ಎಷ್ಟು ಜನ ಎಂದು ಮೊದಲೇ ಕೇಳಿ. ಹತ್ತಕ್ಕಿಂತ ಹೆಚ್ಚಾದರೆ ಬಾಣಲೆಯ ಹತ್ತಿರ ನಿಲ್ಲಲೂ ಜಾಗ ಸಿಗುವುದಿಲ್ಲ. ಸಸ್ಯಾಹಾರಿಗಳಾದರೆ ಮೀನು, ಸೀಗಡಿ ಪೇಸ್ಟ್, ಮೊಟ್ಟೆ ಏನೇನು ಬೇಡ ಎಂದು ಬಿಡಿಸಿ ಬರೆದು ಕಳಿಸಿ.