ಗಾಳಿ ತುಂಬೋ ವೀಲ್‌ಚೇರ್ ಕುಶನ್: ಮೂರ್ನಾಲ್ಕು ವರ್ಷ ಬಳಸಿದ ಮೇಲೆ

ಬೆನ್ನುಹುರಿಗೆ ಪೆಟ್ಟಾದೋರು ಮನೇಲಿದ್ರೆ ಒಂದು ಮಾತು ಹೇಳ್ತೀನಿ, ವೀಲ್‌ಚೇರ್ ಸಾದಾ ಆದ್ರೂ ನಡೆಯುತ್ತೆ, ಕುಶನ್ ಮಾತ್ರ ಒಳ್ಳೇದೇ ತಗೊಳ್ಳಿ. ಅಡಿಕೆ ಕೊನೆ ಇಳಿಸುವಾಗ ಮರದಿಂದ ಬಿದ್ದೆ, ಟಿ 12 ಇಂಜುರಿ, ಅಂದ್ರೆ ಪಕ್ಕೆಲುಬು ಸೇರೋ ಬೆನ್ನುಮೂಳೆಗಳಲ್ಲಿ ಕೊನೇದರ ಹತ್ರ ಬೆನ್ನುಹುರಿಗೆ ಪೆಟ್ಟು, ಸೊಂಟದ ಕೆಳಗೆ ಮುಟ್ಟಿದ್ದೂ ಗೊತ್ತಾಗಲ್ಲ, ನೋವೂ ಗೊತ್ತಾಗಲ್ಲ. ಚೇರ್ ಜೊತೆ ಬಂದ ಫೋಮ್ ಮೇಲೆ ಕೂತು ಕುಂಡಿ ಮೂಳೆ ಹತ್ರ ಹುಣ್ಣಾಗಿ ತಿಂಗಳುಗಟ್ಟಲೆ ಬೋರಲು ಮಲಗಿದ್ದೀನಿ. ಮರದಿಂದ ಬಿದ್ದಿದ್ದಕ್ಕಿಂತ ನನ್ನನ್ನ ಜಾಸ್ತಿ ಕುಗ್ಗಿಸಿದ್ದು ಆ ತಿಂಗಳುಗಳೇ.

ಆಮೇಲೆ ತಗೊಂಡಿದ್ದು ಇದು, ರಬ್ಬರ್ ಗುಳ್ಳೆಗಳ ಸಾಲು ಇರೋದು, 12 ಸಾವಿರದ ಹತ್ತಿರ ಆಯ್ತು. ಇಂಪೋರ್ಟೆಡ್ ನಮ್ಮ ಕೈಗೆಟಕೋದಲ್ಲ ಬಿಡಿ.

ದಿನಾ ಬೆಳಿಗ್ಗೆ ಚಾ ಕುಡಿಯೋಕೆ ಮುಂಚೆ ಗಾಳಿ ನೋಡೋದು. ಚೇರಲ್ಲಿ ನೆಟ್ಟಗೆ ಕೂತು, ಒಂದು ಪಕ್ಕಕ್ಕೆ ವಾಲಿ, ಕುಶನ್ ಮತ್ತೆ ಮೂಳೆ ಮಧ್ಯೆ ಅಂಗೈ ತೂರಿಸಿ, ಮತ್ತೆ ನೆಟ್ಟಗೆ ಕೂತು ಬೆರಳಾಡಿಸಿ ನೋಡ್ತೀನಿ. ಮೂಳೆ ಕೆಳಗೆ ಅರ್ಧದಿಂದ ಒಂದು ಇಂಚು ಗಾಳಿ ಇರಬೇಕು. ಜಾಸ್ತಿ ಗಾಳಿ ಇದ್ರೂ ಕೆಟ್ಟದ್ದೇ, ಗುಳ್ಳೆ ಗಟ್ಟಿಯಾಗಿ ಮೇಲೇ ಕೂತಂಗಾಗುತ್ತೆ, ಒಳಗೆ ಇಳಿಯೋದೇ ಇಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದ್ರೆ ಗಾಳಿ ಸ್ವಲ್ಪ ಕುಗ್ಗುತ್ತೆ, ವಾಪಸ್ ಹತ್ತಿದಾಗ ಉಬ್ಬುತ್ತೆ, ಹಂಗಾಗಿ ಎರಡೂ ಕಡೆ ಗಾಡಿಯಿಂದ ಇಳಿದ ತಕ್ಷಣ ಕೈ ಹಾಕಿ ನೋಡಲೇಬೇಕು, ಇದನ್ನ ಅಂಗಡಿಯೋರು ಹೇಳಲ್ಲ. ರಾತ್ರಿ ಮಲಗೋವಾಗ ಉದ್ದ ಹಿಡಿಯ ಕನ್ನಡಿಲಿ ಚರ್ಮ ನೋಡ್ಕೋಬೇಕು, ಕೆಂಪು ಕಂಡು ಅರ್ಧ ಗಂಟೆ ಆದ್ರೂ ಹೋಗಿಲ್ಲ ಅಂದ್ರೆ ಆ ಜಾಗದ ಮೇಲೆ ಕೂರೋ ಹಾಗಿಲ್ಲ. ಕುಶನ್ ಎಷ್ಟೇ ಒಳ್ಳೇದಿರಲಿ, 15-20 ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈ ಎತ್ತೋದನ್ನ ತಪ್ಪಿಸೋ ಹಾಗಿಲ್ಲ.

ಈಗ ಸಿಟ್ಟಿನ ವಿಷಯ. ಎರಡನೇ ಮಳೆಗಾಲಕ್ಕೆ ವಾಲ್ವ್ ಹತ್ರ ಲೀಕ್ ಶುರುವಾಯ್ತು. ಬೆಳಿಗ್ಗೆ ಸರಿ ಇದ್ದಿದ್ದು ಮಧ್ಯಾಹ್ನಕ್ಕೆ ಸಪ್ಪೆ. ಕಂಪನಿಗೆ ಫೋನ್ ಮಾಡಿದ್ರೆ ಕೊರಿಯರ್ ಮಾಡಿ, ಮೂರು ವಾರದಲ್ಲಿ ನೋಡ್ತೀವಿ ಅಂತಾರೆ, ಅಲ್ಲಿವರೆಗೆ ನಾನು ಯಾವುದರ ಮೇಲೆ ಕೂರಲಿ ಅಂದ್ರೆ ಉತ್ತರ ಇಲ್ಲ. ಕಾಲು ಕಳಿಸಿ ಕೊಡಿ ಅಂದಂಗೆ ಅದು. ಒಂದು ಸ್ಪೇರ್ ಕೊಡೋ ವ್ಯವಸ್ಥೆ ಮಾಡೋಕಾಗಲ್ವಾ? ಕೊನೆಗೆ ನಮ್ಮೂರ ಸೈಕಲ್ ಶಾಪಿನ ಅಣ್ಣ ನೀರಿನ ಬಾನಿಲಿ ಮುಳುಗಿಸಿ, ಗುಳ್ಳೆ ಬಂದ ಜಾಗ ಗುರುತು ಮಾಡಿ, ಪ್ಯಾಚ್ ಹಾಕಿ ಕೊಟ್ರು. ದುಡ್ಡು ಮುಟ್ಟಲಿಲ್ಲ. ಇವತ್ತಿಗೂ ಆ ಪ್ಯಾಚ್ ಗಟ್ಟಿಯಾಗೇ ಇದೆ.

ಆದ್ರೂ ಇದರ ಮೇಲೆ ನನಗೆ ಮುನಿಸಿಲ್ಲ. ಇವತ್ತು ಅಡಿಕೆ ಮಂಡಿಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ತೂಕದ ಲೆಕ್ಕ ಬರೀತೀನಿ, ತಿಂಗಳಿಗೆ ಸಂಬಳ ಬರುತ್ತೆ, ಅಮ್ಮನ ಔಷಧಿ ನನ್ನ ದುಡ್ಡಲ್ಲೇ. ಹೋದ ವರ್ಷ ಬೆಳಗಿನ ತನಕ ಯಕ್ಷಗಾನ ನೋಡಿದೆ, ಮನೆಗೆ ಬಂದು ಕನ್ನಡಿ ಹಿಡಿದ್ರೆ ಒಂದು ಚುಕ್ಕೆ ಕೆಂಪೂ ಇರಲಿಲ್ಲ, ಆ ಖುಷಿ ಹೇಳೋಕೆ ಬರಲ್ಲ.

ತಗೊಳ್ಳೋರು ಸೀಟಿನ ಅಗಲ ಅಳತೆ ಮಾಡಿಯೇ ಆರ್ಡರ್ ಮಾಡಿ. ಕವರ್ ಎರಡು ತಗೊಳ್ಳಿ, ಮಳೆಗಾಲದಲ್ಲಿ ಒಗೆದಿದ್ದು ಒಣಗಲ್ಲ.